ಹಲ್ಮಿಡಿಯ ಕಲ್ಲಿಗೆ ಹಾರ ಹಾಕಿದ್ದು ಸಾಕು, ದಿಲ್ಲಿಯ ಲೆಕ್ಕ ಕೇಳಿ!

ನವೆಂಬರ್ ಬಂತೆಂದರೆ ಹಲ್ಮಿಡಿ ಶಾಸನದ ಚಿತ್ರಕ್ಕೆ ಹಾರ ಬೀಳುತ್ತದೆ. ಆಟೋ ಸ್ಟ್ಯಾಂಡಿನಲ್ಲಿ, ಬಡಾವಣೆಯ ಸರ್ಕಲ್ಲಿನಲ್ಲಿ, ಕಾಲೇಜಿನ ಕನ್ನಡ ಸಂಘದಲ್ಲಿ ಮೈಕು ಕಟ್ಟಿ, ಸಾವಿರದೈನೂರು ವರ್ಷದ ಭಾಷೆ ನಮ್ಮದು ಎಂದು ಗಂಟಲು ಹರಿಯುವಂತೆ ಕೂಗುತ್ತೇವೆ. ಕೂಗಲೇಬೇಕು, ತಪ್ಪೇನಿಲ್ಲ. ಆದರೆ ಗೆಳೆಯರೇ, ಆ ಕಲ್ಲಿನಲ್ಲಿ ಬರೆದಿರುವುದೇನು ಎಂದು ಯಾವತ್ತಾದರೂ ಕೇಳಿದ್ದೀರಾ?

ಮೊದಲಿಗೆ ದೇವರ ಸ್ತುತಿ ಇದೆ. ಆಮೇಲೆ ಇರುವುದು ಒಂದು ಸರ್ಕಾರಿ ಆದೇಶ. ಯಾರಿಗೆ ದತ್ತಿ ಕೊಟ್ಟದ್ದು, ಯಾಕೆ ಕೊಟ್ಟದ್ದು, ಯಾರ ಸಮ್ಮುಖದಲ್ಲಿ ಕೊಟ್ಟದ್ದು, ಅದನ್ನು ಕೆಡಿಸಿದವನಿಗೆ ಎಂಥ ಪಾಪ ಸುತ್ತಿಕೊಳ್ಳುತ್ತದೆ ಎಂಬ ವಿವರ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದೆಂದು ಹೇಳುವ ಈ ಕಲ್ಲು ಬೇರೇನೂ ಅಲ್ಲ. ಆಳುವವನು ಕೊಟ್ಟದ್ದರ ಲೆಕ್ಕ. ಅದನ್ನು ಕನ್ನಡದಲ್ಲಿ ಕೆತ್ತಿಸಿ ಊರಿನಲ್ಲಿ ನೆಟ್ಟರು. ಹೊಯ್ಸಳರ ಕಾಲಕ್ಕೆ ಬಂದರೆ ಬೇಲೂರು, ಹಳೇಬೀಡು, ಅರಸೀಕೆರೆಗಳ ಕಲ್ಲುಗಳ ಮೇಲೂ ಇದೇ ಕಥೆ. ದತ್ತಿ, ತೆರಿಗೆ, ಭೂಮಿಯ ಎಲ್ಲೆ, ಎಲ್ಲವೂ ಕನ್ನಡದಲ್ಲಿ.

ಇವತ್ತು ಅದೇ ಬೇಲೂರಿನ ಕಾಫಿ ಬೆಳೆಗಾರನಿಗೆ, ಅದೇ ಅರಸೀಕೆರೆಯ ತೆಂಗು ಬೆಳೆಗಾರನಿಗೆ ಸಂಬಂಧಪಟ್ಟ ಲೆಕ್ಕ ಎಲ್ಲಿದೆ? ದಿಲ್ಲಿಯಲ್ಲಿದೆ. ಯಾವ ಭಾಷೆಯಲ್ಲಿದೆ? ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿದೆ. ಅದನ್ನು ಕೇಳುವವರು ಯಾರು? ಈ ಲೇಖನ ಇರುವುದು ಆ ಮೂರನೇ ಪ್ರಶ್ನೆಗಾಗಿ.

ಬೈ-ಟು ಕಾಫಿಯ ಹಿಂದಿನ ಇಲಾಖೆ

ಬೆಂಗಳೂರಿನ ದರ್ಶಿನಿಯಲ್ಲಿ ನಿಂತು ಬೈ-ಟು ಕುಡಿಯುವ ನಮ್ಮ ಹುಡುಗರಿಗೆ ಒಂದು ಮಾತು ಗೊತ್ತಿರಲಿ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಬೆಳೆಯುವುದು ಕರ್ನಾಟಕ. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳ ಬೆವರು ಅದು. ಹಾಸನ ಜಿಲ್ಲೆಯಲ್ಲಿ ಸಕಲೇಶಪುರ, ಆಲೂರು, ಬೇಲೂರಿನ ಅರೇಹಳ್ಳಿ, ಬಿಕ್ಕೋಡು ಕಡೆಯೆಲ್ಲ ಕಾಫಿ ತೋಟ. ಈ ಕಾಫಿಯ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. 2023-24ರಲ್ಲಿ ಕಾಫಿ ರಫ್ತಿನಿಂದ ದೇಶಕ್ಕೆ ಬಂದದ್ದು ಸುಮಾರು 129 ಕೋಟಿ ಡಾಲರ್.

ಹೊರದೇಶಕ್ಕೆ ಹೋಗುವ ಬೆಳೆಯಾದ್ದರಿಂದ ಕಾಫಿ ಕೃಷಿ ಇಲಾಖೆಯ ಕೂಸಲ್ಲ. ಅದು ಕೇಂದ್ರ ವಾಣಿಜ್ಯ ಇಲಾಖೆಯ ಕೂಸು. ಬೆಂಗಳೂರಿನ ಅಂಬೇಡ್ಕರ್ ಬೀದಿಯಲ್ಲಿರುವ ಕಾಫಿ ಮಂಡಳಿ ಆ ಇಲಾಖೆಯ ಕೆಳಗೆ ಬರುತ್ತದೆ. ಮಂಡಳಿಗೆ ಬುಡವಾಗಿರುವುದು ಬ್ರಿಟಿಷರ ಕಾಲದ 1942ರ ಕಾಫಿ ಕಾಯ್ದೆ. ಒಂದು ಕಾಲಕ್ಕೆ ಬೆಳೆಗಾರ ತನ್ನ ಫಸಲನ್ನೆಲ್ಲ ಮಂಡಳಿಯ 'ಪೂಲ್'ಗೆ ಒಪ್ಪಿಸಿ, ಕಂತು ಕಂತಿನಲ್ಲಿ ಬರುವ ದುಡ್ಡಿಗಾಗಿ ಕಾಯುತ್ತ ಕೂರಬೇಕಿತ್ತು. 1992ರಿಂದ ಅದು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾಯಿತು. ಬಿಡುಗಡೆ ಸಿಕ್ಕಿತು, ನಿಜ. ಅದರ ಜತೆಗೇ ಲಂಡನ್, ನ್ಯೂಯಾರ್ಕಿನ ಪೇಟೆಯ ಏರಿಳಿತ ಅರೇಹಳ್ಳಿಯ ಅಂಗಳಕ್ಕೇ ಬಂದು ಬಿತ್ತು.

ಈಗ ಮಂಡಳಿ ಕಾಫಿ ಕೊಳ್ಳುವುದಿಲ್ಲ. ಸಂಶೋಧನೆ ಮಾಡಬೇಕು, ಗಿಡ ಕಿತ್ತು ಹೊಸದು ನೆಡುವವನಿಗೆ ಸಹಾಯಧನ ಕೊಡಬೇಕು, ಬಿಳಿ ಕಾಂಡಕೊರಕಕ್ಕೆ ಮದ್ದು ಹೇಳಬೇಕು, ಹೊರದೇಶದಲ್ಲಿ ನಮ್ಮ ಕಾಫಿಗೆ ಹೆಸರು ತರಬೇಕು. ಇದಕ್ಕೆಲ್ಲ ದುಡ್ಡು ಬರುವುದು ವಾಣಿಜ್ಯ ಇಲಾಖೆಯ ಬಜೆಟ್ಟಿನಿಂದ. ಅಂದರೆ ಸಂಸತ್ತು ಕೈಯೆತ್ತಿ ಒಪ್ಪಿದ ದುಡ್ಡು. ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ ಹತ್ತು ಹೆಕ್ಟೇರಿನೊಳಗಿನ ಸಣ್ಣವರು. ಎಸ್ಟೇಟ್ ಸಾಹೇಬರ ಕಥೆಯಲ್ಲ ಇದು, ಮೂರು ಎಕರೆ, ಆರು ಎಕರೆಯವರ ಕಥೆ.

ದಿಲ್ಲಿಯಲ್ಲಿ ಲೆಕ್ಕ ಕೇಳುವ ಬಗೆ

ಸಂಸತ್ತು ಇಲಾಖೆಯ ಲೆಕ್ಕ ಕೇಳುವುದಿಲ್ಲವೇ? ಕೇಳುತ್ತದೆ. ಅದಕ್ಕೊಂದು ವ್ಯವಸ್ಥೆ ಇದೆ. ನಮಗೆ ಅದರ ಪರಿಚಯವಿಲ್ಲ, ಅಷ್ಟೆ.

1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಬಂದವು. ಮೊದಲು 17 ಇದ್ದವು, 2004ರಲ್ಲಿ 24 ಆದವು. ಒಂದೊಂದರಲ್ಲಿ 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ವಾಣಿಜ್ಯಕ್ಕೂ ಒಂದು ಸಮಿತಿ ಇದೆ. ಬಜೆಟ್ ಮಂಡನೆಯಾದ ಮೇಲೆ ಸದನಕ್ಕೆ ಬಿಡುವು ಕೊಟ್ಟು, ಆ ಬಿಡುವಿನಲ್ಲಿ ಈ ಸಮಿತಿಗಳು ಇಲಾಖೆಯ ಅನುದಾನದ ಬೇಡಿಕೆಯನ್ನು ಜಾಲಾಡುತ್ತವೆ. ಇಲಾಖೆ ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು, ಖರ್ಚಾಗದೆ ಉಳಿದದ್ದೆಷ್ಟು, ಖಾಲಿ ಬಿದ್ದಿರುವ ಹುದ್ದೆಗಳೆಷ್ಟು, ನೀತಿ ಯಾಕೆ ಹೀಗಿದೆ ಎಂದು ಕಾರ್ಯದರ್ಶಿಗಳನ್ನು ಎದುರು ಕೂರಿಸಿಕೊಂಡು ಕೇಳುತ್ತವೆ. ಆಮೇಲೆ ವರದಿ ಕೊಡುತ್ತವೆ.

ಕೇಳಲು ಚೆನ್ನಾಗಿದೆ ಅಲ್ಲವೇ? ಈಗ ಹುಳುಕು ನೋಡಿ.

ಒಂದು, ಸಮಿತಿಯ ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಯಾವ ಸಂಸದ ಏನು ಕೇಳಿದ, ಯಾರು ತೂಕಡಿಸಿದ, ಯಾರು ಬರಲೇ ಇಲ್ಲ ಎಂಬುದನ್ನು ಕಣ್ಣಾರೆ ನೋಡುವ ಅವಕಾಶ ನಿಮಗಿಲ್ಲ. ಎರಡು, ಸಮಿತಿಯ ಶಿಫಾರಸು ಶಿಫಾರಸೇ ಹೊರತು ಆಜ್ಞೆಯಲ್ಲ. ಇಲಾಖೆ 'ಗಮನಿಸಲಾಗಿದೆ' ಎಂದು ಬರೆದು ಕಡತ ಕಟ್ಟಿಡಬಹುದು. ಮೂರು, ಸಮಿತಿ ವರದಿ ಕೊಟ್ಟರೂ ಲೋಕಸಭೆಯಲ್ಲಿ ಚರ್ಚೆಯಾಗುವುದು ಕೆಲವೇ ಕೆಲವು ಇಲಾಖೆಗಳ ಬೇಡಿಕೆ. ಉಳಿದವನ್ನೆಲ್ಲ ಕೊನೆಯ ದಿನ ಒಂದೇ ಏಟಿಗೆ ಮತಕ್ಕೆ ಹಾಕಿ ಮುಗಿಸುತ್ತಾರೆ. ಇದಕ್ಕೆ ಅಲ್ಲಿಯ ಭಾಷೆಯಲ್ಲಿ 'ಗಿಲೊಟಿನ್' ಎನ್ನುತ್ತಾರೆ, ಅಂದರೆ ತಲೆ ಕತ್ತರಿಸುವ ಯಂತ್ರ! ಹೆಸರಿಟ್ಟವನಿಗೆ ನಮಸ್ಕಾರ. ಬೇಲೂರಿನ ಬೆಳೆಗಾರನ ಪ್ರಶ್ನೆಯ ತಲೆ ಎಷ್ಟೋ ಸಲ ಉರುಳುವುದು ಅಲ್ಲೇ.

ಇನ್ನೊಂದು ಸಮಿತಿ ಮಾತ್ರ ಬಾಗಿಲಿಗೇ ಬರುತ್ತದೆ

ಹಾಗಾದರೆ ಸಂಸತ್ತಿನ ಯಾವ ಸಮಿತಿಯೂ ಕರ್ನಾಟಕದಲ್ಲಿರುವ ಕೇಂದ್ರ ಕಚೇರಿಗಳ ಕಡತ ತೆರೆದು ನೋಡುವುದಿಲ್ಲವೇ? ನೋಡುತ್ತದೆ, ಸ್ವಾಮಿ. 1963ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ 1976ರಲ್ಲಿ ರಚನೆಯಾದ ಸಂಸದೀಯ ಅಧಿಕೃತ ಭಾಷಾ ಸಮಿತಿ ಒಂದಿದೆ. 30 ಸಂಸದರ ಸಮಿತಿ. ಅದರ ಉಪಸಮಿತಿಗಳು ದೇಶವೆಲ್ಲ ಸುತ್ತುತ್ತವೆ. ಕೇಂದ್ರ ಸರ್ಕಾರದ ಕಚೇರಿ, ಬ್ಯಾಂಕು, ಉದ್ದಿಮೆಗಳ ಅಧಿಕಾರಿಗಳನ್ನು ಕೂರಿಸಿಕೊಂಡು ಪ್ರಶ್ನೆ ಹಾಕುತ್ತವೆ. ಏನೆಂದು? ಎಷ್ಟು ಪತ್ರ ಹಿಂದಿಯಲ್ಲಿ ಬರೆದಿರಿ? ಎಷ್ಟು ಸಿಬ್ಬಂದಿಗೆ ಹಿಂದಿ ಬರುತ್ತದೆ? ಫಾರಂ ಹಿಂದಿಯಲ್ಲಿದೆಯೇ? ಹಿಂದಿ ಪುಸ್ತಕಕ್ಕೆ ಎಷ್ಟು ಖರ್ಚು ಮಾಡಿದಿರಿ?

ನೋಡಿದಿರಾ? ಖರ್ಚು, ಸಿಬ್ಬಂದಿ, ನೀತಿ, ಮೂರನ್ನೂ ಕೇಳುತ್ತಾರೆ. ಕೇಳುವುದು ಬೆಳೆಗಾರನ ಪರವಾಗಿ ಅಲ್ಲ, ಹಿಂದಿಯ ಪರವಾಗಿ.

1976ರ ಅಧಿಕೃತ ಭಾಷಾ ನಿಯಮಗಳಲ್ಲಿ ಕರ್ನಾಟಕ 'ಸಿ' ವಲಯ. ಇಲ್ಲಿಯ ಕೇಂದ್ರ ಕಚೇರಿಗಳು ಬೇರೆ ಕೇಂದ್ರ ಕಚೇರಿಗಳಿಗೆ ಬರೆಯುವ ಪತ್ರಗಳಲ್ಲಿ ನೂರಕ್ಕೆ 55 ಹಿಂದಿಯಲ್ಲಿರಬೇಕೆಂದು ವರ್ಷವರ್ಷದ ಕಾರ್ಯಕ್ರಮದಲ್ಲಿ ಗುರಿ ಇಟ್ಟಿದ್ದಾರೆ. ಕೈಪಿಡಿ, ಫಾರಂಗಳು ಹಿಂದಿ ಇಂಗ್ಲಿಷ್ ಎರಡರಲ್ಲೂ ಇರಬೇಕು. ಇನ್ನೂ ಒಂದು ಸ್ವಾರಸ್ಯ ಕೇಳಿ. 'ಸಿ' ವಲಯದ ಒಬ್ಬ ವ್ಯಕ್ತಿಗೆ, ಅಂದರೆ ಬೇಲೂರಿನ ರೈತನಿಗೆ, ಕೇಂದ್ರ ಕಚೇರಿ ಪತ್ರ ಬರೆದರೆ ಅದು ಇಂಗ್ಲಿಷಿನಲ್ಲಿರಬೇಕು ಎಂದು ಮೂರನೇ ನಿಯಮ ಹೇಳುತ್ತದೆ! ಕನ್ನಡದ ಮಾತೇ ಅಲ್ಲಿಲ್ಲ. ಈ ನಿಯಮಗಳು ತಮಿಳುನಾಡಿಗೆ ಅನ್ವಯಿಸುವುದಿಲ್ಲ ಎಂದು ಮೊದಲ ನಿಯಮದಲ್ಲೇ ಬರೆದಿದ್ದಾರೆ. ತಮಿಳರು ಕೇಳಿದರು, ಬಿಡಿಸಿಕೊಂಡರು. ನಾವು ಕೇಳಲಿಲ್ಲ, ಹೊತ್ತುಕೊಂಡೆವು.

ಹೋದ ವರ್ಷ ಬಿಕ್ಕೋಡು ಕಡೆಯ ಒಂದು ತೋಟಕ್ಕೆ ಹೋಗಿದ್ದೆ. ಆರು ಎಕರೆಯ ಬೆಳೆಗಾರರು, ವಯಸ್ಸು ಅರವತ್ತು ದಾಟಿದೆ. ಕೇಂದ್ರದ ಯಾವುದೋ ಒಂದು ಕಚೇರಿಯಿಂದ ಬಂದ ಕಾಗದ ತೋರಿಸಿದರು. ಪೂರ್ತಿ ಇಂಗ್ಲಿಷು. ಅದರ ಫೋಟೋ ತೆಗೆದು ಬೆಂಗಳೂರಿನಲ್ಲಿರುವ ಮಗಳಿಗೆ ವಾಟ್ಸಾಪ್ ಮಾಡಿ, ಅವಳು ರಾತ್ರಿ ಡ್ಯೂಟಿ ಮುಗಿಸಿ ಫೋನ್ ಮಾಡಿ ಓದಿ ಹೇಳುವವರೆಗೆ ಕಾದಿದ್ದರಂತೆ. ಅಷ್ಟರಲ್ಲಿ ಕಾಗದದಲ್ಲಿದ್ದ ಗಡುವು ಮುಗಿದಿತ್ತು. "ಏನ್ ಮಾಡೋದು ತಮ್ಮಾ, ಸೈನ್ ಹಾಕೋ ಜಾಗ ಯಾವುದು ಅನ್ನೋದೊಂದು ಗೊತ್ತಾಗುತ್ತೆ ನನಗೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವರ ತೋಟದಿಂದ ಹಲ್ಮಿಡಿ ಬಹಳ ದೂರವೇನಲ್ಲ.

ನೀತಿ ಮಾಡಿದಾಗ ನಾವೆಲ್ಲಿದ್ದೆವು?

2022ರ ಜನವರಿಯಲ್ಲಿ ವಾಣಿಜ್ಯ ಇಲಾಖೆ 1942ರ ಕಾಫಿ ಕಾಯ್ದೆಯನ್ನೇ ತೆಗೆದುಹಾಕಿ ಹೊಸ ಕಾಯ್ದೆ ತರಲು ಕರಡು ಹೊರಡಿಸಿತು. ಅಭಿಪ್ರಾಯ ಹೇಳಿ ಎಂದಿತು. ಕೊಟ್ಟ ಕಾಲಾವಕಾಶ ಕೆಲವೇ ವಾರ. ಜನವರಿ ಎಂದರೆ ಮಲೆನಾಡಿನಲ್ಲಿ ಕಾಫಿ ಕೊಯ್ಲಿನ ಕಾಲ. ಆಳು ಸಿಗದೆ, ಅಂಗಳದಲ್ಲಿ ಹರವಿದ ಕಾಫಿಗೆ ಅಕಾಲ ಮಳೆ ಬಿದ್ದೀತೆಂದು ಮೋಡ ನೋಡುತ್ತ ಕೂತವನಿಗೆ ದಿಲ್ಲಿಯ ಕರಡು ಓದುವ ಪುರುಸೊತ್ತು ಎಲ್ಲಿ? ಆ ಮಸೂದೆಯನ್ನು ಅದೇ ವರ್ಷದ ಮಳೆಗಾಲದ ಅಧಿವೇಶನದ ಪಟ್ಟಿಗೂ ಸೇರಿಸಿದರು. ಆ ವರ್ಷ ಅದು ಕಾಯ್ದೆಯಾಗಲಿಲ್ಲ. ಆದರೆ ನಮ್ಮ ರಾಜಧಾನಿಯಲ್ಲೇ ಇರುವ ಒಂದು ಮಂಡಳಿಯ ಹಣೆಬರಹ ಬದಲಿಸುವ ಕಾಗದ ಓಡಾಡುತ್ತಿದ್ದಾಗ ಬೆಂಗಳೂರಿನ ಎಷ್ಟು ಕನ್ನಡ ಸಂಘಟನೆಗಳು ಅದನ್ನು ತರಿಸಿ ಓದಿದವು? ಎದೆ ಮುಟ್ಟಿ ಹೇಳಿ.

ಈಗ ಇನ್ನೊಂದು ಬಂದಿದೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಕೊಳ್ಳುವುದಿಲ್ಲ ಎಂದು ಯೂರೋಪ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಗಿದೆ, ಕಾನೂನು ಹೋಗಿಲ್ಲ. ನಮ್ಮ ಕಾಫಿಗೆ ಇಟಲಿ, ಜರ್ಮನಿ, ಬೆಲ್ಜಿಯಂ ದೊಡ್ಡ ಗಿರಾಕಿಗಳು. ಆದ್ದರಿಂದ ತೋಟ ಎಲ್ಲಿದೆ ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿ ಬೆಳೆಗಾರರನ್ನು ನೋಂದಾಯಿಸುವ ಕೆಲಸಕ್ಕೆ ಮಂಡಳಿ ಇಳಿದಿದೆ. ಒಳ್ಳೆಯ ಕೆಲಸವೇ. ಆದರೆ ಈ ನೋಂದಣಿಯ ಪ್ರತಿಯೊಂದು ಸಾಲೂ ಕನ್ನಡದಲ್ಲಿ ಸಿಗಬೇಕು, ಮನೆಬಾಗಿಲಿಗೆ ಬರುವ ವಿಸ್ತರಣಾ ಸಿಬ್ಬಂದಿಗೆ ಕನ್ನಡ ಬರಬೇಕು, ಖಾಲಿ ಹುದ್ದೆ ತುಂಬಬೇಕು. ಇಲ್ಲದಿದ್ದರೆ ಮೂರೆಕರೆಯವನು ನೋಂದಣಿಯ ಹೊರಗೆ ಉಳಿಯುತ್ತಾನೆ. ಅವನ ಕಾಫಿಯನ್ನು ದಲ್ಲಾಳಿ ಕಡಿಮೆ ಬೆಲೆಗೆ ಎತ್ತುತ್ತಾನೆ. ಭಾಷೆಯ ಪ್ರಶ್ನೆ ಮೂಟೆಯ ಬೆಲೆಯ ಪ್ರಶ್ನೆಯೂ ಆಗುವುದು ಹೀಗೆ.

ಅರಸೀಕೆರೆಯ ಕೊಬ್ಬರಿಗೆ ಮೂರು ಬಾಗಿಲು

ಬೇಲೂರಿನಿಂದ ಹಳೇಬೀಡು ದಾಟಿ ಪೂರ್ವಕ್ಕೆ ಬಂದರೆ ನೆಲದ ಬಣ್ಣವೇ ಬದಲು. ಕಾಫಿ ಮುಗಿದು ಜೋಳ, ರಾಗಿ, ತೆಂಗು ಶುರು. ಅರಸೀಕೆರೆ ಸೇರುವಷ್ಟರಲ್ಲಿ ಎಲ್ಲಿ ನೋಡಿದರೂ ತೆಂಗು. ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾದರೆ ಉಂಡೆ ಕೊಬ್ಬರಿ. ಅದು ತಿಪಟೂರು, ಅರಸೀಕೆರೆ ಮಾರುಕಟ್ಟೆಗಳಿಂದ ಉತ್ತರ ಭಾರತಕ್ಕೆ ಹೋಗುತ್ತದೆ.

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಕ್ಕಿದ್ದು 8,000ದ ಆಸುಪಾಸು. ರೈತರು ಬೀದಿಗಿಳಿದರು. 2024ರ ಆರಂಭದಲ್ಲಿ ನಾಫೆಡ್ ಖರೀದಿಗೆ ನೋಂದಣಿ ಶುರುವಾದಾಗ ಅಕ್ರಮದ ದೂರು ಎದ್ದು, ಮೊದಲ ನೋಂದಣಿಯೇ ರದ್ದಾಗಿ, ರೈತ ಎರಡನೇ ಸಲ ಸಾಲಿನಲ್ಲಿ ನಿಂತ. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಆಗ ಎಷ್ಟು ಜನರ ಅಟ್ಟ ಖಾಲಿಯಾಗಿತ್ತು?

ಈ ಏರಿಳಿತಕ್ಕೆ ಯಾರನ್ನು ಕೇಳಬೇಕು? ಬೆಂಬಲ ಬೆಲೆ ಕೃಷಿ ಇಲಾಖೆಯ ಬಾಗಿಲು. ಹೊರಗಿನಿಂದ ಬರುವ ಎಣ್ಣೆಯ ಸುಂಕ ಹಣಕಾಸು ಇಲಾಖೆಯ ಬಾಗಿಲು. ಯಾವ ಸರಕು ಯಾವ ಷರತ್ತಿನ ಮೇಲೆ ಒಳಗೆ ಬರಬೇಕು, ಹೊರಗೆ ಹೋಗಬೇಕು ಎಂಬುದು ವಾಣಿಜ್ಯ ಇಲಾಖೆಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಬಾಗಿಲು. ಮೂರು ಬಾಗಿಲಿಗೆ ಮೂರು ಸ್ಥಾಯಿ ಸಮಿತಿ. ಒಂದು ಬಾಗಿಲು ತಟ್ಟಿದರೆ ಪಕ್ಕದ್ದು ತೋರಿಸುತ್ತಾರೆ. ಮೂರನ್ನೂ ಒಟ್ಟಿಗೆ ತಟ್ಟುವ ಶಕ್ತಿ ಇರುವುದು ರೈತನಿಗಲ್ಲ, ಅವನು ಆರಿಸಿ ಕಳಿಸಿದ ಸಂಸದನಿಗೆ.

ನಮ್ಮ ನಲವತ್ತು ಮಂದಿ

ಅರಸೀಕೆರೆ, ಬೇಲೂರು ಎರಡೂ ಇರುವುದು ಹಾಸನ ಲೋಕಸಭಾ ಕ್ಷೇತ್ರದಲ್ಲೇ. ಹಳೇಬೀಡು ಬೇಲೂರು ತಾಲ್ಲೂಕಿಗೆ ಸೇರಿದ್ದು. ಇದೇ ಕ್ಷೇತ್ರ ಹಲವು ಸಲ ಆರಿಸಿದ ಎಚ್.ಡಿ. ದೇವೇಗೌಡರು 1996ರಲ್ಲಿ ದೇಶದ ಪ್ರಧಾನಿಯೇ ಆದರು. ಶಕ್ತಿ ಇಲ್ಲದ ನೆಲವಲ್ಲ ಇದು. ರಾಜ್ಯದ ಲೆಕ್ಕ ಹಿಡಿದರೆ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12, ಒಟ್ಟು ನಲವತ್ತು ಸಂಸದರು. ಕಾಫಿ ಕಾಯ್ದೆಯ ಪ್ರಕಾರ ಮಂಡಳಿಯಲ್ಲೇ ಮೂವರು ಸಂಸದರಿಗೆ ಕುರ್ಚಿ ಇದೆ.

ಭಾಷೆ ಬರುವುದಿಲ್ಲ ಎನ್ನುವ ನೆಪವೂ ಇಲ್ಲ. ಹಿಂದಿ, ಇಂಗ್ಲಿಷ್ ಬಾರದ ಸದಸ್ಯ ತಾಯ್ನುಡಿಯಲ್ಲಿ ಮಾತಾಡಲು ಸಭಾಪತಿ ಅನುಮತಿ ಕೊಡಬಹುದು ಎಂದು ಸಂವಿಧಾನದ 120ನೇ ವಿಧಿ ಹೇಳುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ದಾರಿ ತೆರೆದರು. ಅವತ್ತು ತೆರೆದ ದಾರಿಯಲ್ಲಿ ಇವತ್ತು ಹುಲ್ಲು ಬೆಳೆದಿದೆ. ಪ್ರಮಾಣವಚನಕ್ಕೆ ಕನ್ನಡ, ಫೋಟೋಗೆ ಪಂಚೆ ಶಲ್ಯ. ಅನುದಾನದ ಚರ್ಚೆಗೆ ಮಾತ್ರ ಮೌನವ್ರತ!

ನಮ್ಮದೂ ತಪ್ಪಿದೆ

ಎಲ್ಲವನ್ನೂ ದಿಲ್ಲಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಚಳವಳಿಯವರೇ ಕನ್ನಡಿ ನೋಡಿಕೊಳ್ಳಬೇಕು. ಅಂಗಡಿಯ ಬೋರ್ಡಿಗೆ ಮಸಿ ಬಳಿಯಲು ಐವತ್ತು ಹುಡುಗರು ಬರುತ್ತಾರೆ. ಸಮಿತಿಯ ನೂರು ಪುಟದ ವರದಿ ಓದಲು ಐವರು ಸಿಗುವುದಿಲ್ಲ. ಬೋರ್ಡಿನ ಮೇಲೆ ಕನ್ನಡ ಬಂದರೆ ಸಾಲದು, ಬೋರ್ಡಿನ ಹಿಂದಿನ ಕಡತಕ್ಕೂ ಕನ್ನಡ ಬರಬೇಕು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಪಟ್ಟಿ ಸೇರಿದಾಗ ನಾವೆಲ್ಲ ಸಿಹಿ ಹಂಚಿದೆವು. ಆ ಕಲ್ಲುಗಳು ಹೇಳುವುದು ಶಿಲ್ಪದ ಚೆಲುವನ್ನು ಮಾತ್ರವಲ್ಲ. ಕೊಟ್ಟವನು ಕೊಟ್ಟದ್ದನ್ನು ಜನರ ಮುಂದೆ, ಜನರ ಭಾಷೆಯಲ್ಲಿ ಬರೆದಿಡಬೇಕು ಎಂಬ ಪಾಠವನ್ನೂ ಹೇಳುತ್ತವೆ.

ಹಾಗಾದರೆ ಏನು ಮಾಡಬೇಕು?

ನಗರದ ನಮ್ಮ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಬರುತ್ತದೆ, ಕಂಪ್ಯೂಟರ್ ಬರುತ್ತದೆ, ಊರಿನಲ್ಲಿ ಅಪ್ಪ ಅಮ್ಮನ ತೋಟ ಇದೆ. ನಿಮಗಿಂತ ಒಳ್ಳೆಯ ಸೇತುವೆ ಬೇರೆ ಬೇಕೇ? ನಾಲ್ಕು ಕೆಲಸ ಹೇಳುತ್ತೇನೆ. ಒಂದಕ್ಕೂ ಕಲ್ಲು ಎತ್ತಬೇಕಿಲ್ಲ.

ಮೊದಲನೆಯದು, ವಾಣಿಜ್ಯ ಸ್ಥಾಯಿ ಸಮಿತಿಯ ಅನುದಾನದ ವರದಿಯಲ್ಲಿ ಕಾಫಿ ಮಂಡಳಿಯ ಮಾತು ಬರುವ ಪುಟಗಳನ್ನು ಪ್ರತಿ ವರ್ಷ ಓದಿ, ಎರಡು ಪುಟದ ಕನ್ನಡ ಸಾರಾಂಶ ಮಾಡಿ ಬೇಲೂರು, ಅರೇಹಳ್ಳಿ, ಸಕಲೇಶಪುರದ ಬೆಳೆಗಾರರ ಸಂಘಗಳಿಗೆ ಕಳಿಸಿ. ಕೃಷಿ ಸಮಿತಿಯ ವರದಿಯಲ್ಲಿ ಕೊಬ್ಬರಿಯ ಮಾತಿದ್ದರೆ ಅದನ್ನು ಅರಸೀಕೆರೆಗೆ ಕಳಿಸಿ.

ಎರಡನೆಯದು, ಮಾಹಿತಿ ಹಕ್ಕು. 2005ರ ಕಾಯ್ದೆಯ ಆರನೇ ಸೆಕ್ಷನ್ ಪ್ರಕಾರ ಅರ್ಜಿಯನ್ನು ಆ ಪ್ರದೇಶದ ಅಧಿಕೃತ ಭಾಷೆಯಲ್ಲೇ ಕೊಡಬಹುದು. ಕರ್ನಾಟಕದಲ್ಲಿರುವ ಕೇಂದ್ರ ಕಚೇರಿಗೂ ಕನ್ನಡದಲ್ಲೇ ಕೊಡಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಗಡುವು ಮೂವತ್ತು ದಿನ. ಹಾಸನ ಜಿಲ್ಲೆಗೆ ಬಂದ ಸಹಾಯಧನ ಎಷ್ಟು, ಎಷ್ಟು ಅರ್ಜಿ ಬಾಕಿ, ವಿಸ್ತರಣಾ ಹುದ್ದೆ ಎಷ್ಟು ಖಾಲಿ, ಇರುವವರಲ್ಲಿ ಕನ್ನಡ ಬಲ್ಲವರೆಷ್ಟು ಎಂದು ಕೇಳಿ.

ಮೂರನೆಯದು, ಸಂವಿಧಾನದ 350ನೇ ವಿಧಿ. ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಕುಂದುಕೊರತೆಯ ಮನವಿ ಕೊಡುವ ಹಕ್ಕು ನಮಗಿದೆ. ದಿಲ್ಲಿಯ ವಾಣಿಜ್ಯ ಇಲಾಖೆಗೆ ಕನ್ನಡದಲ್ಲಿ ಬರೆಯಿರಿ. ಒಂದಲ್ಲ, ಸಾವಿರ ಬರೆಯಿರಿ. ಓದುವವರನ್ನು ನೇಮಿಸಿಕೊಳ್ಳಲಿ!

ನಾಲ್ಕನೆಯದು, ಬಜೆಟ್ ಅಧಿವೇಶನಕ್ಕೆ ಮೊದಲೇ ನಿಮ್ಮ ಸಂಸದರ ಮನೆ ಬಾಗಿಲಿಗೆ ಹೋಗಿ. ಘೋಷಣೆ ಬೇಡ, ಪ್ರಶ್ನೆಗಳ ಪಟ್ಟಿ ಒಯ್ಯಿರಿ. ಅವರು ಯಾವ ಸಮಿತಿಯಲ್ಲಿದ್ದಾರೆ, ಎಷ್ಟು ಸಭೆಗೆ ಹೋದರು ಎಂದು ಕೇಳಿ. ಅಧಿವೇಶನ ಮುಗಿದ ಮೇಲೆ ಮತ್ತೆ ಹೋಗಿ, ಏನು ಕೇಳಿದಿರಿ, ಏನು ಉತ್ತರ ಬಂತು ಎಂದು ವಿಚಾರಿಸಿ. ಎರಡನೇ ಸಲ ಹೋಗುವುದೇ ಮುಖ್ಯ. ಮೊದಲ ಸಲ ಹೋದವರಿಗೆ ಕಾಫಿ ಸಿಗುತ್ತದೆ, ಎರಡನೇ ಸಲ ಹೋದವರಿಗೆ ಉತ್ತರ ಸಿಗುತ್ತದೆ.

ಕೊನೆಗೆ ಒಂದು ಬೇಡಿಕೆ. ಹಿಂದಿ ಎಷ್ಟು ಬಳಸಿದಿರಿ ಎಂದು ಕೇಳಲು ಸಂಸತ್ತಿಗೆ ಒಂದು ಸಮಿತಿ ಇರಬಹುದಾದರೆ, ಕರ್ನಾಟಕದಲ್ಲಿರುವ ಕೇಂದ್ರ ಕಚೇರಿಗಳಲ್ಲಿ ಕನ್ನಡಿಗನಿಗೆ ಅವನ ಭಾಷೆಯಲ್ಲಿ ಸೇವೆ ಸಿಕ್ಕಿತೇ ಎಂದು ಕೇಳುವ ಹೊಣೆಯನ್ನೂ ಸಂಸತ್ತು ಹೊರಬೇಕು. 1976ರ ನಿಯಮಗಳಿಂದ ಒಂದು ರಾಜ್ಯವನ್ನು ಹೊರಗಿಡಲು ಸಾಧ್ಯವಾಗಿದ್ದರೆ, ಅದೇ ನಿಯಮಗಳನ್ನು ನಮಗಾಗಿ ತಿದ್ದಲೂ ಸಾಧ್ಯ. ಇದು ಭಿಕ್ಷೆಯಲ್ಲ. ತೆರಿಗೆ ಕಟ್ಟಿದವನು, ಡಾಲರ್ ತಂದುಕೊಟ್ಟವನು ತನ್ನ ದುಡ್ಡಿಗೆ ಕೇಳುವ ರಸೀದಿ.

ಹಲ್ಮಿಡಿಯಲ್ಲಿ ಆ ರಸೀದಿಯನ್ನು ಕಲ್ಲಿನಲ್ಲಿ ಕೆತ್ತಿ ಕೊಟ್ಟಿದ್ದರು. ನಾವು ಕಾಗದದಲ್ಲಿ ಕೇಳುತ್ತಿದ್ದೇವೆ, ಅಷ್ಟೆ. ಈ ನವೆಂಬರಿನಲ್ಲಿ ಹಾರದ ಜತೆಗೆ ಹತ್ತು ರೂಪಾಯಿಯ ಒಂದು ಅರ್ಜಿಯೂ ಇರಲಿ.